ಪೇಟೆ ಕೇಳುವ ಪ್ರಶ್ನೆ

ಪೇಟೆಗೆ ಬಂದರೆ ಜಾತಿ ಕರಗುತ್ತದೆ ಎಂದು ನಮ್ಮ ಪ್ರಗತಿಪರರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಮೋಹವನ್ನು ಖಂಡಿಸಿದ್ದನ್ನೇ ಇದಕ್ಕೆ ಆಧಾರ ಅಂತ ತೋರಿಸುವವರೂ ಇದ್ದಾರೆ. ಹಳ್ಳಿಯನ್ನು ಬೈದವರು ಪೇಟೆಯನ್ನು ನಂಬಿದ್ದರು ಅಂತ ಯಾರು ಹೇಳಿದ್ದು? ಅಮೆರಿಕಾ, ಲಂಡನ್ನುಗಳಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದವರಿಗೆ ಆ ನಗರದಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಗುರುತು ಮರೆಸಿ ಇದ್ದವರನ್ನು ದೊಣ್ಣೆ ಹಿಡಿದ ಗುಂಪು ಹೊರಗೆ ಹಾಕಿತು. ಮುಂಬೈ ಗಿರಣಿಗಳಲ್ಲಿ ಕೂಲಿ ಹೆಚ್ಚಿದ್ದ ನೇಯ್ಗೆ ವಿಭಾಗದೊಳಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಅಲ್ಲಿ ನೂಲನ್ನು ಬಾಯಿಂದ ಹೀರಿ ಲಾಳಿಗೆ ಪೋಣಿಸಬೇಕಿತ್ತು; ಎಂಜಲಾಗುತ್ತದಲ್ಲ! 1928ರ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಕಾರ್ಮಿಕ ಮುಖಂಡರ ಮುಂದೆ ಇಟ್ಟದ್ದು ಈ ಪ್ರಶ್ನೆಯನ್ನೇ.

ನಮ್ಮ ಸೀಮೆಗೆ ಬರೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು ಬಂದು ಸೇರಿದವು. ಹೊನ್ನಾಳಿಯಿಂದ ಒಡೆದ ನ್ಯಾಮತಿ ತಾಲ್ಲೂಕಾದದ್ದು ಎಷ್ಟೋ ವರ್ಷ ಆದಮೇಲೆ. ಅಡಿಕೆ ತೋಟದ ಚನ್ನಗಿರಿಗೂ ಬರದ ಜಗಳೂರಿಗೂ ಹೋಲಿಕೆಯೇ ಇಲ್ಲ. ಆದರೂ ಕೇರಿಯಿಂದ ಬಂದವನಿಗೆ ಈ ಊರುಗಳು ಕೊಟ್ಟದ್ದು ಹೆಚ್ಚುಕಮ್ಮಿ ಒಂದೇ: ಸಂತೆ, ಕಚೇರಿ, ಹಾಸ್ಟೆಲು, ಬಸ್ ಸ್ಟ್ಯಾಂಡು. ಬಸ್ಸಿನ ಸೀಟು ಟಿಕೆಟು ತಗೊಂಡವನದು. ಹೋಟೆಲಿನ ಗಲ್ಲಾಪೆಟ್ಟಿಗೆಗೆ ಮೈಲಿಗೆ ಇಲ್ಲ. ಇದು ಸಣ್ಣ ಬಿಡುಗಡೆಯಲ್ಲ.

ಆದರೆ ಇದರಿಂದ ಮನುಷ್ಯರ ಸ್ವಭಾವ ತಿದ್ದಿತು ಅನ್ನೋದು ಭ್ರಮೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ವ್ಯಾಪಾರದ ಆಸೆ ಇತ್ತು. 1973ರ ಬೂಸಾ ಗಲಾಟೆಯ ನಂತರ, ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ಕಟ್ಟಿದ ದಲಿತ ಸಂಘರ್ಷ ಸಮಿತಿ ಬಂತು. (ಆ ಗಲಾಟೆ ಎದ್ದದ್ದೂ ಹಳ್ಳಿಯಲ್ಲಲ್ಲ, ಕಾಲೇಜುಗಳಿರುವ ನಗರಗಳಲ್ಲಿ.) ಒತ್ತಡ ಬಿದ್ದ ಕಡೆ ನಡವಳಿಕೆ ಬದಲಾಯಿತು, ಅಷ್ಟೇ.

ಒತ್ತಡ ಇಲ್ಲದ ಕಡೆ ನೋಡಬೇಕಾದರೆ ಬಾಡಿಗೆ ಮನೆ ಕೇಳಿಕೊಂಡು ಹೋಗಿ. ಪೇಟೆಯವರು ನಾಜೂಕು, ನೇರ ಜಾತಿ ಕೇಳಲ್ಲ. 'ಯಾವೂರು?' 'ಊರಲ್ಲಿ ಯಾವ ಓಣಿ?' 'ಅಲ್ಲಿ ಯಾರ ಪೈಕಿ?' ಕಡೆಗೆ, 'ನಾನ್‌ವೆಜ್ ಮಾಡ್ತೀರಾ?' ಅಷ್ಟರಲ್ಲಿ ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿರುತ್ತೆ. ಹಳ್ಳಿಯಲ್ಲಿ ಈ ಪ್ರಶ್ನೆಗಳು ಬೇಕಿರಲಿಲ್ಲ, ಯಾರು ಎಲ್ಲಿಯವರು ಅಂತ ಎಲ್ಲರಿಗೂ ಗೊತ್ತು. ಪೇಟೆಯ ಗುಂಪಿನಲ್ಲಿ ಗುರುತು ಮಸುಕಾಯಿತು ನೋಡಿ, ಅದನ್ನು ಮತ್ತೆ ಪತ್ತೆಹಚ್ಚಲಿಕ್ಕೆ ಸವರ್ಣರು ಕಂಡುಕೊಂಡ ಭಾಷೆ ಇದು. ಇದನ್ನು ಹಳ್ಳಿಯ ಪಳೆಯುಳಿಕೆ ಅನ್ನುವುದು ತಪ್ಪು, ಪೇಟೆಯದೇ ಸೃಷ್ಟಿ. ಇಂಜಿನಿಯರು, ಲೆಕ್ಚರರು ಆದವರನ್ನೂ ಇದು ಬಿಡಲ್ಲ.

ಅದೇ 1955ರ ಕಾಯ್ದೆಯಲ್ಲಿ ವಾಸದ ಮನೆಯ ಮಾತೂ ಇದೆ. ಆದರೆ 'ನಿನ್ನೆಯೇ ಕೊಟ್ಟುಬಿಟ್ವಿ ಕಣ್ರೀ' ಅನ್ನುವ ನಗುಮುಖದ ಮೇಲೆ ಯಾವ ಸ್ಟೇಷನ್ನಿನಲ್ಲಿ ಕೇಸು ಬರೆದುಕೊಳ್ತಾರೆ?