ಶಿರೋಜಲದ ನಾಲೆಯೂ ರಕ್ತದ ಗರಣೆಯೂ

ಮಿದುಳಿನೊಳಗಣ ಕುಹರಗಳಲ್ಲಿ ಹಗಲಿರುಳೂ ಒಂದು ತಿಳಿನೀರು ಒಸರುತ್ತಿರುವುದೆಂಬುದೂ, ಪ್ರಾಯದವರಲ್ಲಿ ದಿನವೊಂದಕ್ಕೆ ಇದರ ಪರಿಮಾಣವು ಸುಮಾರು 500 ಮಿಲಿಲೀಟರುಗಳೆಂಬುದೂ, ಆದರೆ ಯಾವ ಹೊತ್ತಿನಲ್ಲಿ ನೋಡಿದರೂ ಅಲ್ಲಿ ನಿಂತಿರತಕ್ಕದ್ದು ಸುಮಾರು 150 ಮಿಲಿಲೀಟರು ಮಾತ್ರವೆಂಬುದೂ ಶಾರೀರಶಾಸ್ತ್ರಜ್ಞರು ನಿರ್ಣಯಿಸಿರುವ ಸಂಗತಿ. ಮಿಕ್ಕುದೆಲ್ಲವೂ ರಕ್ತಕ್ಕೆ ಸೇರಿಹೋಗುತ್ತದೆ. ಆ ದಾರಿಯು ಕಟ್ಟಿದಲ್ಲಿ ಕುಹರಗಳು ಹಿಗ್ಗುವುವು. ಎಳೆಗೂಸುಗಳಲ್ಲಿ ತಲೆಬುರುಡೆಯೇ ಉಬ್ಬುವುದು. ಇದಕ್ಕೆ ಜಲಶೀರ್ಷರೋಗವೆಂದು ಹೆಸರು. ತುಂಬಿದ ಕೆರೆಗೆ ಕೋಡಿಯಿರುವಂತೆ ಈ ನೀರಿಗೆ ಬೇರೊಂದು ದಾರಿಯನ್ನು ಮಾಡಿಕೊಡತಕ್ಕ ಕೊಳವೆಯನ್ನು ವೈದ್ಯರು ಶಂಟ್ ಎನ್ನುತ್ತಾರೆ. ಕನ್ನಡದಲ್ಲಿ ನಾಲೆಯೆಂದರೆ ಸಾಕು.

ಈ ನಾಲೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ವಿಜಯಕಥೆಯನ್ನೇ ಹೇಳುತ್ತಾರೆ: ಮೊದಲು ನಾಲೆಗಳು ರಕ್ತದ ಗರಣೆಯಿಂದ ಮುಚ್ಚಿಹೋಗುತ್ತಿದ್ದುವು, 1949ರಲ್ಲಿ ಕವಾಟವು ಬಂದಿತು, ಗರಣೆಯು ಸೋತಿತು. ಈ ಪೂರ್ವಪಕ್ಷವು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಗರಣೆಯು ಸೋಲಲಿಲ್ಲ, ಸ್ಥಳವನ್ನು ಬದಲಾಯಿಸಿತು. ಕೊಳವೆಯ ಒಳಗಿದ್ದುದು ಹೊರಗೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಯಿತು. ಕಾಲಕ್ರಮವನ್ನು ನೋಡಿದರೆ ಇದು ಸ್ಪಷ್ಟವಾಗುವುದು.

ನೀರು ಸ್ವಭಾವತಃ ರಕ್ತಕ್ಕೇ ಸೇರುವುದರಿಂದ ನಾಲೆಯನ್ನೂ ರಕ್ತಕ್ಕೇ ತಿರುಗಿಸಬೇಕೆಂದು ತೋರಿದುದು ಸಹಜವಾಗಿತ್ತು. 1908ರಲ್ಲಿ ಜರ್ಮನಿಯ ಶಸ್ತ್ರವೈದ್ಯನಾದ ಎರ್ವಿನ್ ಪಾಯರನು, ಕಾಲಿನಿಂದ ತೆಗೆದ ಸಿರೆಯ ತುಂಡನ್ನೇ ನಾಲೆಯಾಗಿ ಮಾಡಿ ಕುಹರದ ನೀರನ್ನು ನಡುನೆತ್ತಿಯ ಕೆಳಗಣ ದೊಡ್ಡ ರಕ್ತಕುಲ್ಯೆಗೆ ಹಾಯಿಸಿದ ಕ್ರಮವನ್ನು ಪ್ರಕಟಿಸಿದನು. ಮರುವರ್ಷ ಅಮೆರಿಕದ ಮೆಕ್ಲೂರನು ಕುತ್ತಿಗೆಯ ಸಿರೆಗೆ ಹಾಯಿಸಿದುದನ್ನು ವರದಿಮಾಡಿದನು. ಜೀವವಿರುವ ಸಿರೆಯೇ ನಾಲೆಯಾದರೂ ಗರಣೆಯ ಬಾಧೆಯು ತಪ್ಪಲಿಲ್ಲ. ಇದಕ್ಕೆ ಕಾರಣವು ಗೂಢವಾದುದೇನೂ ಅಲ್ಲ. ಕೂಸು ಅತ್ತಾಗ, ಕೆಮ್ಮಿದಾಗ ಎದೆಯ ಸಿರೆಗಳಲ್ಲಿ ಒತ್ತಡವೇರುತ್ತದೆ. ರಕ್ತವು ಹಿಮ್ಮುಖವಾಗಿ ನಾಲೆಯೊಳಕ್ಕೆ ನುಗ್ಗುತ್ತದೆ. ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಅದರ ಮೇಲೆ, ರಕ್ತವನ್ನು ಹೆಪ್ಪುಗಟ್ಟಿಸತಕ್ಕ ದ್ರವ್ಯವು ಮಿದುಳಿನ ಧಾತುವಿನಲ್ಲಿ ಹೇರಳವಾಗಿದೆ. 1935ರಲ್ಲಿ ಕ್ವಿಕ್ಕನು ರೂಪಿಸಿದ ರಕ್ತಪರೀಕ್ಷೆಗೆ ಮೊಲದ ಮಿದುಳಿನಿಂದಲೇ ಆ ದ್ರವ್ಯವನ್ನು ತೆಗೆಯುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಇಂತಹ ನೆರೆಯಿಂದ ಬರುವ ನೀರನ್ನು ರಕ್ತದ ನಡುವೆ ಸುರಿಯುವುದು ಎಷ್ಟು ಸುಗಮವೆಂದು ತೋರಿದರೂ ನಿರಪಾಯವಾಗಿರಲಿಲ್ಲ.

ಆದುದರಿಂದ ಕೆಲವು ದಶಕಗಳ ಕಾಲ ವೈದ್ಯರು ರಕ್ತವನ್ನು ಬಿಟ್ಟು ಬೇರೆಡೆಗಳನ್ನು ಹುಡುಕಿದರು. ಅಮೆರಿಕದ ಮ್ಯಾಟ್ಸನ್ನನು 1949ರಲ್ಲಿ ವಿವರಿಸಿದ ಕ್ರಮದಲ್ಲಿ, ನೀರನ್ನು ಮೂತ್ರನಾಳಕ್ಕೆ ತಿರುಗಿಸಲೆಂದು ಕೂಸಿನ ಒಂದು ಮೂತ್ರಪಿಂಡವನ್ನೇ ಕಿತ್ತುಹಾಕಬೇಕಾಗಿತ್ತು. ಗರಣೆಗೆ ಹೆದರಿ ತೆತ್ತ ಬೆಲೆಯು ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದೇ 1949ರಲ್ಲಿ ಫಿಲಡೆಲ್ಫಿಯದಲ್ಲಿ ಫ್ರಾಂಕ್ ನುಲ್ಸೆನ್, ಯೂಜೀನ್ ಸ್ಪಿಟ್ಸ್ ಎಂಬಿಬ್ಬರು, ಸುರುಳಿಯ ಒತ್ತಿಗೆಯಿಂದ ನಿಲ್ಲುವ ಉಕ್ಕಿನ ಗುಂಡುಗಳುಳ್ಳ ಕವಾಟವನ್ನು ನಾಲೆಗೆ ಜೋಡಿಸಿ ಸಿರೆಗೆ ಹಾಯಿಸಿದರು. ನೀರು ಕೆಳಗಿಳಿಯಬಹುದು, ರಕ್ತವು ಮೇಲೇರಲಾರದು. 1955ರಲ್ಲಿ ಹುಟ್ಟಿದ ಮಗನಿಗೆ ಈ ರೋಗವು ಬಂದುದರಿಂದ ಸ್ಪಿಟ್ಸನ ಪರಿಚಯವಾದ ಜಾನ್ ಹಾಲ್ಟರ್ ಎಂಬ ಯಂತ್ರಕೆಲಸಗಾರನು, ಒತ್ತಡಕ್ಕೆ ಮಾತ್ರ ತೆರೆದು ಮತ್ತೆ ತಾನೇ ಮುಚ್ಚಿಕೊಳ್ಳುವ ಸೀಳುಗಳನ್ನುಳ್ಳ ಸಿಲಿಕೋನ್ ಕವಾಟವನ್ನು ಮಾಡಿದನು. 1956ರಿಂದ ಅದು ಬಳಕೆಗೆ ಬಂದು ಅಸಂಖ್ಯಾತ ಶಿಶುಗಳಿಗೆ ಉಪಕರಿಸಿತು; ಆ ಮಗನು ಮಾತ್ರ ಬಾಲ್ಯದಲ್ಲಿಯೇ ತೀರಿಕೊಂಡನು. ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತನಾದ ರೋಆಲ್ಡ್ ಡಾಲನ ಮಗನಿಗೂ, 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಾದ ಅಪಘಾತದ ತರುವಾಯ ಇಂತಹ ನಾಲೆಯನ್ನು ಇಡಬೇಕಾಯಿತು. ಅದು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದಿತು. ಡಾಲನು ಸ್ಟಾನ್ಲಿ ವೇಡ್ ಎಂಬ ಎಂಜಿನಿಯರನನ್ನೂ ಕೆನೆತ್ ಟಿಲ್ ಎಂಬ ಶಸ್ತ್ರವೈದ್ಯನನ್ನೂ ಕೂಡಿಕೊಂಡು ಸುಲಭವಾಗಿ ಕಟ್ಟದ ಕವಾಟವೊಂದನ್ನು ಮಾಡಿಸಿದನು. ಲಾಭವನ್ನು ಮೂವರೂ ಬಯಸಲಿಲ್ಲ. ವೈದ್ಯಚರಿತ್ರೆಯ ಗ್ರಂಥಗಳು ಶಾಸ್ತ್ರಜ್ಞರ ಹೆಸರುಗಳನ್ನು ಮುಂದಿಟ್ಟು ಇಂತಹ ತಂದೆಯರನ್ನು ಅಡಿಟಿಪ್ಪಣಿಗೆ ತಳ್ಳುವುದು ನ್ಯಾಯವಲ್ಲ.

ಆದರೆ ಪ್ರಕೃತ ವಿಷಯಕ್ಕೆ ಇವರೆಲ್ಲರಿಗಿಂತ ಮುಖ್ಯನಾದವನು ಲಾಸ್ ಏಂಜಲೀಸ್ ಪ್ರಾಂತದ ರಾಬರ್ಟ್ ಪುಡೆನ್ಸ್. ನಾಲೆಯ ತುದಿಯು ಎಲ್ಲಿ ನಿಲ್ಲಬೇಕೆಂಬುದನ್ನು ಈತನು ಪ್ರಾಣಿಗಳಲ್ಲಿ ಪರೀಕ್ಷಿಸಿದನು. ತುದಿಯು ಸಿರೆಯಲ್ಲಿ ನಿಂತರೆ ಸುತ್ತಲೂ ಗರಣೆ ಬೆಳೆಯುತ್ತಿತ್ತು. ರಕ್ತವು ಸದಾ ಕಡೆಯಲ್ಪಡುವ ಹೃದಯದ ಬಲಮೇಲ್ಗೋಣೆಯಲ್ಲಿ ನಿಂತರೆ ಬಹುಮಟ್ಟಿಗೆ ತೆರೆದಿರುತ್ತಿತ್ತು. ಈ ಕ್ರಮವನ್ನು ಆತನು ಸಹೋದ್ಯೋಗಿಗಳೊಡನೆ 1957ರಲ್ಲಿ ಪ್ರಕಟಿಸಿದನು. ಕವಾಟವಿದ್ದರೆ ಸಾಲದು, ಸ್ಥಾನವೂ ಬೇಕೆಂಬುದು ಇದರಿಂದಲೇ ಸಿದ್ಧವಾಗುತ್ತದೆ.

ಕೂಸು ಬೆಳೆಯುತ್ತದೆ, ಕೊಳವೆ ಬೆಳೆಯುವುದಿಲ್ಲ. ಎಲ್ಲ ತೊಡಕೂ ಈ ಸಾಮಾನ್ಯ ಸಂಗತಿಯಲ್ಲಿ ಅಡಗಿದ್ದಿತು. ಮೈ ನೀಳವಾದಂತೆ ತುದಿಯು ಹೃದಯದಿಂದ ಮೇಲಕ್ಕೆ ಜಗ್ಗಲ್ಪಟ್ಟು ಮಹಾಸಿರೆಯಲ್ಲಿ ನಿಲ್ಲುವುದು. ಅಲ್ಲಿ ಗರಣೆ ಕಟ್ಟುವುದು. ಅದನ್ನು ತಪ್ಪಿಸಲು ಕೊಳವೆಯನ್ನು ಉದ್ದಮಾಡತಕ್ಕ ಶಸ್ತ್ರಕ್ರಿಯೆಯು ಮತ್ತೆ ಮತ್ತೆ ಬೇಕಾಗುತ್ತಿತ್ತು. ಕೋಣೆಯೊಳಗಿದ್ದಾಗಲೂ ಕೊಳವೆಯ ಹೊರಮೈಗೆ ಗರಣೆ ಹತ್ತುವುದುಂಟು. ಅದರ ಚೂರುಗಳು ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ ಸಣ್ಣ ಧಮನಿಗಳನ್ನು ಒಂದೊಂದಾಗಿ ಮುಚ್ಚುವುವು. 1961ರಲ್ಲಿ ಇಂಗ್ಲೆಂಡಿನ ಎಮೆರಿ, ಹಿಲ್ಟನ್ ಎಂಬಿಬ್ಬರು ಈ ಚಿಕಿತ್ಸೆಯಿಂದ ಹೃದಯ ಶ್ವಾಸಕೋಶಗಳಿಗೆ ಒದಗುವ ಕೇಡುಗಳನ್ನು ವರದಿಮಾಡಿದರು. 1963ರಲ್ಲಿ ಅಮೆರಿಕದ ನೂನನ್, ಎಮ್ಕೆ ಇವರು ಅದಕ್ಕೆ ಪುಷ್ಟಿಯನ್ನಿತ್ತರು. ನಾಲೆಯು ಚೆನ್ನಾಗಿ ಹರಿಯುತ್ತಲೇ ಇರುವಾಗ, ಮಗುವು ಮೇಲ್ನೋಟಕ್ಕೆ ಸ್ವಸ್ಥವಾಗಿರುವಾಗ, ಶ್ವಾಸಕೋಶದ ಧಮನಿಗಳಲ್ಲಿ ಒತ್ತಡವು ವರ್ಷವರ್ಷಕ್ಕೆ ಏರಿ ಹೃದಯದ ಬಲಭಾಗವು ಸೋಲುವುದೇ ಇದರ ಭಯಂಕರತ್ವ. ತಲೆಯನ್ನು ಅಳೆದು ನೋಡುವ ವೈದ್ಯನಿಗೆ ಇದು ಕಾಣುವಂತಿರಲಿಲ್ಲ. ಗರಣೆಗೆ ಸೂಕ್ಷ್ಮಜೀವಿಗಳ ಸೋಂಕು ತಗಲಿದರೆ ಅಪಾಯವು ಇಮ್ಮಡಿಸುವುದು. ರಕ್ತದೊಳಗಣ ನಾಲೆಯ ಸೋಂಕು ಮೂತ್ರಪಿಂಡಗಳನ್ನೂ ಕೆಡಿಸುವುದೆಂಬುದು 1965ರಲ್ಲಿ ಪ್ರಕಟವಾಯಿತು.

ಇಷ್ಟಾದ ಮೇಲೆ ವೈದ್ಯರು ಉದರದ ಕಡೆಗೆ ತಿರುಗಿದರು. ಈ ದಾರಿ ಹೊಸದಲ್ಲ: 1898ರಲ್ಲಿಯೇ ಫರ್ಗೂಸನ್ನನು ಬೆನ್ನಿನ ನೀರನ್ನು ಬೆಳ್ಳಿಯ ತಂತಿಯ ಮೂಲಕ ಉದರಕ್ಕೆ ಇಳಿಸಲು ಯತ್ನಿಸಿದ್ದನು. ಅಂದು ಅದಕ್ಕೆ ತಕ್ಕ ವಸ್ತುವಿರಲಿಲ್ಲ. ರಕ್ತಮಾರ್ಗಕ್ಕೆಂದು ಹುಟ್ಟಿದ ಸಿಲಿಕೋನ್ ಕೊಳವೆಯೇ, ರಕ್ತಮಾರ್ಗವನ್ನು ಬಿಡಲು ಸಾಧನವಾಯಿತು. 1967ರಲ್ಲಿ ಏಮ್ಸನೂ, ರೈಮಾಂಡಿ ಮತ್ತು ಮಾತ್ಸುಮೋತೋ ಇವರೂ ಉದರನಾಲೆಯ ಅನುಭವವನ್ನು ಪ್ರಕಟಿಸಿದರು. 1970ರ ದಶಕದಿಂದೀಚೆಗೆ ಅದೇ ರೂಢಿ. ಉದರಕ್ಕೆ ಇಳಿಸಿದ ಉದ್ದ ಕೊಳವೆಯ ಸುರುಳಿಯು ಮಗುವು ಬೆಳೆದಂತೆ ತಾನಾಗಿ ಬಿಚ್ಚಿಕೊಳ್ಳುವುದು. ಅಲ್ಲಿಯೂ ಸೋಂಕುಂಟು, ಕಟ್ಟುವುದುಂಟು. ಆದರೆ ಉದರದಿಂದ ಗರಣೆಯು ಶ್ವಾಸಕೋಶಕ್ಕೆ ಹೊರಡುವುದಿಲ್ಲ.

ಹೊಟ್ಟೆಯಲ್ಲಿ ಹಿಂದಣ ಶಸ್ತ್ರಕ್ರಿಯೆಗಳ ಗಾಯದಂಟುಗಳೋ ಸೋಂಕೋ ಇದ್ದವರಿಗೆ ಇಂದಿಗೂ ಹೃದಯದ ನಾಲೆಯನ್ನೇ ಇಡುವುದುಂಟು. ಅಂತಹವರಲ್ಲಿ ತಲೆಯ ಚಿತ್ರವೊಂದನ್ನೇ ತೆಗೆದು ತೃಪ್ತರಾಗದೆ, ಶಬ್ದತರಂಗಗಳಿಂದ ಹೃದಯದ ಬಲಭಾಗವನ್ನೂ ಶ್ವಾಸಕೋಶದ ಒತ್ತಡವನ್ನೂ ಆಗಾಗ್ಗೆ ನೋಡುತ್ತಿರಬೇಕಾಗುತ್ತದೆ.