ಸೂಲಗಿತ್ತಿಯ ಕೈ: ಕನ್ನಡ ನಾಡಿನಲ್ಲಿ ಹೆರಿಗೆಯ ಆರೈಕೆಯ ಚರಿತ್ರೆ

'ಸೂಲ್' ಎಂಬುದು ಹೆರಿಗೆಯನ್ನು ಸೂಚಿಸುವ ಹಳೆಯ ಕನ್ನಡ ಪದ. ಅದಕ್ಕೆ 'ಗಿತ್ತಿ' ಎಂಬ ಸ್ತ್ರೀವಾಚಕ ಪ್ರತ್ಯಯ ಸೇರಿ 'ಸೂಲಗಿತ್ತಿ' ಎಂದಾಯಿತು. ಅಗಸಗಿತ್ತಿ, ಒಕ್ಕಲಗಿತ್ತಿ ಮೊದಲಾದ ಪದಗಳಲ್ಲಿ ಈ ಪ್ರತ್ಯಯವು ಗಂಡಸಿನ ಕಸುಬಿಗೋ ಕುಲಕ್ಕೋ ಅಂಟಿಕೊಂಡು ಬರುತ್ತದೆ. ಸೂಲಗಿತ್ತಿಗೆ ಅಂತಹ ಪುಲ್ಲಿಂಗ ರೂಪವೇ ಇಲ್ಲ. ಹೆಂಗಸಿನಿಂದಲೇ ಹೆಸರು ಪಡೆದ ಅಪರೂಪದ ಕಸುಬುಗಳಲ್ಲಿ ಇದೂ ಒಂದು. ಇದನ್ನು ಬಲ್ಲವರು ಬರೆದಿಡಲಿಲ್ಲ, ಬರೆಯಬಲ್ಲವರು ಹೆರಿಗೆಯ ಕೋಣೆಯ ಹೊಸ್ತಿಲು ದಾಟಲಿಲ್ಲ. ನಾಡಿನ ವೈದ್ಯ ಚರಿತ್ರೆಯಲ್ಲಿ ಸೂಲಗಿತ್ತಿಗೆ ದೊರೆತಿರುವ ಪುಟಗಳು ಕಡಿಮೆಯಾಗಿರುವುದಕ್ಕೆ ಇದು ಮುಖ್ಯ ಕಾರಣ.

ಸೂಲಗಿತ್ತಿಯ ಕೆಲಸ ನೋವು ಕಾಣಿಸಿಕೊಂಡ ಗಳಿಗೆಯಲ್ಲಿ ಆರಂಭವಾಗುತ್ತಿರಲಿಲ್ಲ. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎತ್ತ ಇದೆ, ಅದು ಇಳಿದಿದೆಯೇ, ಅಡ್ಡವಾಗಿದೆಯೇ ಎಂದು ತಿಂಗಳುಗಳ ಮುಂಚೆಯೇ ತಿಳಿಯುವುದು, ಹರಳೆಣ್ಣೆ ಸವರಿ ಸೊಂಟ ನೀವುವುದು, ಏನು ತಿನ್ನಬೇಕು, ಎಷ್ಟು ದುಡಿಯಬೇಕು ಎಂದು ಮನೆಯ ಹಿರಿಯರಿಗೆ ಹೇಳುವುದು ಎಲ್ಲವೂ ಅದರಲ್ಲಿ ಸೇರಿದ್ದವು. ಹೆರಿಗೆಯ ಹೊತ್ತಿನಲ್ಲಿ ಹೆಣ್ಣನ್ನು ಕುಕ್ಕುರುಗಾಲಿನಲ್ಲಿ ಕೂರಿಸಿ ಬೆನ್ನಿಗೆ ಆತು ನಿಲ್ಲುವುದು, ಕೂಸನ್ನು ಹಿಡಿದುಕೊಳ್ಳುವುದು, ಮಾಸು ಬೀಳುವವರೆಗೂ ಕಾಯುವುದು, ಹೊಕ್ಕುಳಬಳ್ಳಿ ಕೊಯ್ಯುವುದು, ಮಾಸನ್ನು ಹೂಳುವುದು. ಅನಂತರ ಬಾಣಂತಿಗೂ ಕೂಸಿಗೂ ದಿನವೂ ನೀರೆರೆಯುವುದು. ಕಾಯುವುದೇ ಈ ವಿದ್ಯೆಯ ಬಹುಪಾಲು ಎನ್ನಬೇಕು. ಇಂದಿನ ಹೆರಿಗೆ ವಾರ್ಡುಗಳಲ್ಲಿ ಅತ್ಯಂತ ದುರ್ಲಭವಾಗಿರುವುದೂ ಅದೇ.

ಆದರೆ ಈ ಕೈಗೆ ಸಮಾಜ ಕೊಟ್ಟ ಸ್ಥಾನ ವಿಚಿತ್ರವಾದದ್ದು. ಅನೇಕ ಊರುಗಳಲ್ಲಿ ಸೂಲಗಿತ್ತಿಯರು ದಲಿತ ಕೇರಿಗಳಿಂದಲೋ ಕ್ಷೌರಿಕ ಸಮುದಾಯದಿಂದಲೋ ಬಂದವರು. ಹೆರಿಗೆಯ ರಕ್ತ ಮೈಲಿಗೆ, ಅದನ್ನು ಮುಟ್ಟುವವರೂ ಮೈಲಿಗೆ ಎಂಬ ಎಣಿಕೆಯೇ ಈ ಕೆಲಸವನ್ನು ಅವರಿಗೆ ಕೊಟ್ಟಿತ್ತು. ಪುರುಡಿನ ದಿನಗಳಲ್ಲಿ ಮನೆಯ ಒಳಗಿನ ಕೋಣೆಯವರೆಗೂ ಬಂದು ಬಾಣಂತಿಯ ಮೈ ಮುಟ್ಟಬಹುದಾಗಿದ್ದವಳು ಪುರುಡು ಕಳೆದ ಮೇಲೆ ಮತ್ತೆ ಅಂಗಳದಾಚೆ ನಿಲ್ಲಬೇಕಾಗುತ್ತಿತ್ತು. ಮೊರದಲ್ಲಿ ಅಳೆದು ಕೊಟ್ಟ ಧಾನ್ಯ, ಎಲೆಯಡಿಕೆ, ಹಳೆಯ ಸೀರೆ ಅವಳ ಪಾಲು. ಅದನ್ನು ಕೂಲಿಯೆಂದು ಲೆಕ್ಕ ಹಾಕುವಂತೆಯೂ ಇರಲಿಲ್ಲ, ಗೌರವವೆಂದು ಹೇಳುವಂತೆಯೂ ಇರಲಿಲ್ಲ. ಸೂಲಗಿತ್ತಿಯ ಜ್ಞಾನವನ್ನು ಇಂದು ಕೊಂಡಾಡುವಾಗ ಈ ಸಂಗತಿಯನ್ನು ಮರೆಮಾಚುವುದು ಸಾಮಾನ್ಯವಾಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕೈಯ ಮೇಲೆ ಮತ್ತೊಂದು ದೃಷ್ಟಿ ಬಿತ್ತು. 1885ರಲ್ಲಿ ಸ್ಥಾಪನೆಯಾದ ಡಫರಿನ್ ನಿಧಿಯು ಭಾರತದ ಸ್ತ್ರೀಯರಿಗೆ ವೈದ್ಯೆಯರನ್ನೂ ದಾದಿಯರನ್ನೂ ಒದಗಿಸುವ ಉದ್ದೇಶ ಹೊಂದಿತ್ತು. 1903ರಲ್ಲಿ ಲೇಡಿ ಕರ್ಜನ್ ಆರಂಭಿಸಿದ ವಿಕ್ಟೋರಿಯಾ ಸ್ಮಾರಕ ನಿಧಿಯು ನೇರವಾಗಿ ಸೂಲಗಿತ್ತಿಯರ ತರಬೇತಿಗೇ ಮೀಸಲಾಯಿತು. ಅಂದಿನ ವೈದ್ಯಕೀಯ ಬರವಣಿಗೆಗಳಲ್ಲಿ 'ದಾಯಿ' ಎಂದರೆ ಕೊಳಕು, ಅಜ್ಞಾನ, ಮೂಢನಂಬಿಕೆಗಳ ಮೂರ್ತಿ. ಆರೋಪ ನಿರಾಧಾರವಾಗಿರಲಿಲ್ಲ. ಕುದಿಸದ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತಿದಾಗ ಕೂಸು ಧನುರ್ವಾಯುವಿನಿಂದ ಸಾಯುತ್ತಿತ್ತು. ತೊಳೆಯದ ಕೈಯಿಂದ ಬಾಣಂತಿಗೆ ನಂಜು ಏರುತ್ತಿತ್ತು. ಆದರೆ ರೋಗಾಣುವಿನ ಭಾಷೆಯಲ್ಲಿ ಆಡಿದ 'ಕೊಳಕು' ಎಂಬ ಮಾತು, ಮೈಲಿಗೆಯ ಭಾಷೆಯಲ್ಲಿ ಊರು ಮೊದಲೇ ಆಡುತ್ತಿದ್ದ ಮಾತಿನೊಡನೆ ಸುಲಭವಾಗಿ ಬೆರೆತುಹೋಯಿತು. ಸುಧಾರಕರು ಸೂಲಗಿತ್ತಿಯ ಕೈ ತೊಳೆಸಲು ಹೊರಟರು. ಆ ಕೈಗೆ ಸಲ್ಲಬೇಕಾದ ಕೂಲಿಯ ಪ್ರಶ್ನೆಯನ್ನು ಅಷ್ಟೇ ಗಂಭೀರವಾಗಿ ಎತ್ತಲಿಲ್ಲ.

ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು 1926ರ ದಾದಿಯರ ಹಾಗೂ ಪ್ರಸೂತಿ ಸಹಾಯಕಿಯರ ಕಾಯಿದೆಯ ವ್ಯಾಪ್ತಿಗೆ ಬಂದವು. ಮೈಸೂರು ಸಂಸ್ಥಾನದ ದಾರಿ ಬೇರೆಯದಾಗಿತ್ತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಲಾರ್ಡ್ ಕರ್ಜನ್‌ನಿಂದ ಉದ್ಘಾಟನೆಗೊಂಡಿತು. ಅದರ ಮಗ್ಗುಲಲ್ಲೇ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣಿ ವಿಲಾಸ ಆಸ್ಪತ್ರೆ 1935ರಲ್ಲಿ ತಲೆಯೆತ್ತಿತು. 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದೇ ಅದರ ಹೆಸರು. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯಿತ್ತು. ವೆಸ್ಲಿಯನ್ ಮಿಷನ್ನಿನವರ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೂ ಇತ್ತು. 1930ರಲ್ಲಿ ಸಂಸ್ಥಾನದ ಸರ್ಕಾರವೇ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದದ್ದು ಅಸಾಮಾನ್ಯ ಹೆಜ್ಜೆ. ಸರ್ಕಾರವೊಂದು ಇಂತಹ ಚಿಕಿತ್ಸಾಲಯವನ್ನು ನಡೆಸಿದ್ದು ಜಗತ್ತಿನಲ್ಲೇ ಮೊದಲೆಂದು ಅದನ್ನು ಗುರುತಿಸಲಾಗುತ್ತದೆ. ಅದೇ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಗ್ರಾಮಾಂತರ ಆರೋಗ್ಯ ಘಟಕ ರೂಪುಗೊಂಡಿತು. ಇಷ್ಟಾದರೂ ಈ ಆಸ್ಪತ್ರೆಗಳ ನೆರಳು ಪಟ್ಟಣದ ಸುತ್ತಮುತ್ತಲಿಗೆ ಮಾತ್ರ ಬೀಳುತ್ತಿತ್ತು. ಗಾಡಿಯ ದಾರಿಯೂ ಇಲ್ಲದ ಹಳ್ಳಿಗೆ ಸೂಲಗಿತ್ತಿಯೇ ಗತಿ.

ಬ್ರಿಟಿಷ್ ಭಾರತದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯು 1946ರಲ್ಲಿ ಸಲ್ಲಿಸಿದ ವರದಿಯಲ್ಲಿ, ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರು ಬಸಿರು-ಹೆರಿಗೆಗಳ ಕಾರಣದಿಂದ ಸಾಯುತ್ತಿದ್ದಾರೆಂದು ಅಂದಾಜು ಮಾಡಿತು. 'ಹೆರಿಗೆ ಹೆಣ್ಣಿಗೆ ಮರುಹುಟ್ಟು' ಎಂಬ ಮಾತು ಅಲಂಕಾರವಾಗಿರಲಿಲ್ಲ. ಸ್ವಾತಂತ್ರ್ಯಾನಂತರ ಎರಡು ಹಾದಿಗಳು ಜೊತೆಜೊತೆಗೆ ಸಾಗಿದವು. ಒಂದು ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮತ್ತು ಹಳ್ಳಿಯಲ್ಲಿ ನೆಲೆಸುವ ಸಹಾಯಕ ದಾದಿಯರು. ಇನ್ನೊಂದು ಕಡೆ ಊರ ಸೂಲಗಿತ್ತಿಯರಿಗೆ ತರಬೇತಿ. 1977ರ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಸಾವಿರ ಜನಸಂಖ್ಯೆಗೆ ಒಬ್ಬ ತರಬೇತಾದ ಸೂಲಗಿತ್ತಿ ಇರಬೇಕೆಂಬ ಗುರಿಯಿತ್ತು. ಬ್ಲೇಡು, ದಾರ, ಸಾಬೂನುಗಳ ಪೊಟ್ಟಣ ಕುಡುಗೋಲನ್ನು ಬದಿಗೆ ಸರಿಸಿತು. ಗರ್ಭಿಣಿಯರಿಗೆ ಕೊಟ್ಟ ಧನುರ್ವಾಯು ಚುಚ್ಚುಮದ್ದು ಕೂಸುಗಳನ್ನು ಉಳಿಸಿತು. ಆದರೆ ಹೆರಿಗೆಯ ನಂತರ ರಕ್ತ ಹರಿಯತೊಡಗಿದರೆ, ಏಟು ನಂಜಿನಂತೆ ಸೆಳೆತ ಬಂದರೆ, ಕೂಸು ಅಡ್ಡ ಸಿಕ್ಕಿಕೊಂಡರೆ ಸಾಬೂನಿಗೆ ಮಾಡಲು ಏನೂ ಇರಲಿಲ್ಲ. ರಕ್ತವನ್ನು, ಶಸ್ತ್ರಚಿಕಿತ್ಸೆಯನ್ನು, ಅಲ್ಲಿಗೆ ಒಯ್ಯುವ ವಾಹನವನ್ನು ಒದಗಿಸಬೇಕಾದವರು ಬೇರೆ. ಅವು ಬಾರದಿದ್ದುದಕ್ಕೂ ದೂಷಣೆ ಬಂದದ್ದು ಸೂಲಗಿತ್ತಿಯ ಮೇಲೆಯೇ.

2005ರ ಜನನಿ ಸುರಕ್ಷಾ ಯೋಜನೆಯೊಂದಿಗೆ ನೀತಿ ಸಂಪೂರ್ಣವಾಗಿ ಆಸ್ಪತ್ರೆಯ ಹೆರಿಗೆಯತ್ತ ತಿರುಗಿತು. ಕರ್ನಾಟಕದ ಮಡಿಲು ಕಿಟ್, ತಾಯಿ ಭಾಗ್ಯ ಯೋಜನೆಗಳು ಅದಕ್ಕೆ ಒತ್ತಾಸೆಯಾದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 1998-99ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು ಶೇ. 97ಕ್ಕೆ ಏರಿತು. ಒಂದು ಲಕ್ಷ ಸಜೀವ ಜನನಗಳಿಗೆ 2001-03ರಲ್ಲಿ 228 ಇದ್ದ ತಾಯಂದಿರ ಮರಣ 2018-20ರಲ್ಲಿ 69ಕ್ಕೆ ಇಳಿಯಿತು. ಉಳಿದ ಜೀವಗಳ ಈ ಲೆಕ್ಕದ ಮುಂದೆ ಹಳೆಯ ಹೆರಿಗೆ ಕೋಣೆಯ ಬಗೆಗಿನ ಹಂಬಲಕ್ಕೆ ಹೆಚ್ಚು ಬೆಲೆಯಿಲ್ಲ. ಹಾಗೆಂದು ಆಸ್ಪತ್ರೆಯ ಗೋಡೆಯೇ ರಕ್ಷೆಯಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಪ್ರಶ್ನೆ ಎದ್ದದ್ದು ಅವರಿಗೆ ಏರಿಸಿದ ದ್ರಾವಣದ ಗುಣಮಟ್ಟದ ಬಗ್ಗೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಈ ವಿದ್ಯೆ ಕಲಿತು, ಹಣ ಪಡೆಯದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಪ್ರಸಿದ್ಧರು. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಕೇಂದ್ರ ಸರ್ಕಾರವು ಸಹಜ ಹೆರಿಗೆಗಳನ್ನು ನಿರ್ವಹಿಸುವ ಪ್ರಸೂತಿ ದಾದಿಯರ ಹೊಸ ಶ್ರೇಣಿಯನ್ನು ರೂಪಿಸುವ ಮಾರ್ಗಸೂಚಿಯನ್ನು ಹೊರತಂದದ್ದೂ 2018ರಲ್ಲೇ. ಹದಿನೆಂಟು ತಿಂಗಳ ಆ ತರಬೇತಿಗೆ ದಾದಿಯ ಪದವಿ ಅಥವಾ ಡಿಪ್ಲೊಮಾ ಬೇಕು. ಹೆರುವವಳ ಬಳಿ ಕಾದು ನಿಲ್ಲುವುದು, ಅವಳ ಮಾತಿಗೆ ಬೆಲೆ ಕೊಡುವುದು ಅದರ ಆಶಯದಲ್ಲಿವೆ. ಸೂಲಗಿತ್ತಿಯ ಮನೆತನದಿಂದ ಬಂದ ಹೆಣ್ಣುಮಗಳಿಗೆ ಅಲ್ಲಿಗೆ ತಲುಪುವ ದಾರಿ ಶಾಲೆ-ಕಾಲೇಜುಗಳ ಮೂಲಕವೇ ಹಾದುಹೋಗುತ್ತದೆ. ಹಳ್ಳಿಗಳಲ್ಲಿ ಈಗ ಹಳೆಯ ಸೂಲಗಿತ್ತಿಗೆ ಉಳಿದಿರುವುದು ಆಸ್ಪತ್ರೆಯಿಂದ ಮರಳಿದ ಬಾಣಂತಿಗೆ ಎಣ್ಣೆ ಹಚ್ಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವ ಕೆಲಸ.