ಹೊಟ್ಟು ಉದುರುವ ನಾಯಿಯ ಹಿಂದಿನ ಕಥೆ

ನಮ್ಮ ಕಾಳ ಎದ್ದು ಮೈ ಕೊಡವಿದರೆ ಸಾಕು, ಜಗಲಿ ತುಂಬಾ ಬಿಳಿ ಹೊಟ್ಟು. ವಾರಕ್ಕೆರಡು ಸಲ ಸೋಪು ಹಾಕಿ ತಿಕ್ಕಿದೆ (ಅದು ಚರ್ಮವನ್ನ ಇನ್ನೂ ಒಣಗಿಸುತ್ತಂತೆ!), ಕೊಬ್ಬರಿ ಎಣ್ಣೆ ಸವರಿದೆ. ಕೊನೆಗೆ ಪಶುವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, "ಕಜ್ಜಿ ಹುಳ ಇಲ್ಲ. ಊಟಕ್ಕೆ ಏನು ಹಾಕ್ತೀರಿ?" ಅಂದ್ರು. ಅನ್ನ, ನೀರುಮಜ್ಜಿಗೆ ಅಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು...

ಅವತ್ತಿಂದ ಈ ವಿಷಯ ಕೆದಕುತ್ತಾ ಕೂತೆ. ಕಥೆ ಶುರುವಾಗೋದು ನಾಯಿಯಿಂದಲ್ಲ, ಇಲಿಯಿಂದ. 1929ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಅವರ ಹೆಂಡತಿ ಮಿಲ್ಡ್ರೆಡ್, ಇಲಿಗಳಿಗೆ ಕೊಬ್ಬನ್ನು ಪೂರ್ತಿ ತೆಗೆದ ಆಹಾರ ಹಾಕಿದ ಪ್ರಯೋಗ ಪ್ರಕಟಿಸಿದರು. ಇಲಿಗಳ ಬಾಲದಲ್ಲಿ ಹೊಟ್ಟೆದ್ದಿತ್ತು. ವಿಚಿತ್ರ ಅಂದ್ರೆ ಅವು ವಿಪರೀತ ನೀರು ಕುಡಿಯುತ್ತಿದ್ದವು, ಆದರೆ ಆ ಲೆಕ್ಕಕ್ಕೆ ಮೂತ್ರ ಹೋಗ್ತಿರಲಿಲ್ಲ. ಹಾಗಾದ್ರೆ ನೀರೆಲ್ಲಾ ಎಲ್ಲಿಗೆ ಹೋಯ್ತು? ಚರ್ಮದಿಂದ ಆರಿ ಹೋಗ್ತಿತ್ತು! ಮರುವರ್ಷ ಅವರು ಲಿನೋಲಿಯಿಕ್ ಆಮ್ಲವನ್ನು ಗುರುತಿಸಿದರು. ಇದನ್ನ ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಲ್ಲೇ ಬರಬೇಕು. ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಚರ್ಮದ ಹೊರಪದರದಲ್ಲಿರುವ ಕೊಬ್ಬಿಗೆ ಇದು ಬೇಕೇ ಬೇಕು.

ನಾಯಿಗಳ ಸರದಿ ಬಂದದ್ದು ಆಮೇಲೆ. ಅದೂ ಪಶುವೈದ್ಯರಿಂದಲ್ಲ, ಎಳೆಗೂಸುಗಳ ಇಸುಬಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಮಕ್ಕಳ ಡಾಕ್ಟರ್ ಆರಿಲ್ಡ್ ಹ್ಯಾನ್ಸನ್ ಅವರಿಂದ. ಹಿಲ್ಡಾ ವೀಸ್ ಜೊತೆ ಸೇರಿ ನಾಯಿಗಳನ್ನು ಕೊಬ್ಬು ಕಮ್ಮಿ ಇರುವ ಆಹಾರದಲ್ಲಿ ಸಾಕಿ, 1943ರಲ್ಲೂ 1951ರಲ್ಲೂ ವರದಿ ಬರೆದರು. ಕೂದಲು ಒರಟು, ಚರ್ಮ ಒಣಗಿ ಹೊಟ್ಟು... ಥೇಟ್ ನಮ್ಮ ಕಾಳ! ಊಟಕ್ಕೆ ಬೇಕಾದ ಕೊಬ್ಬು ಸೇರಿಸಿದರೆ ಚರ್ಮ ಸರಿಹೋಗ್ತಿತ್ತು. ಹ್ಯಾನ್ಸನ್ ಅಷ್ಟಕ್ಕೇ ಬಿಡಲಿಲ್ಲ. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 428 ಶಿಶುಗಳಿದ್ದವು. ಲಿನೋಲಿಯಿಕ್ ಆಮ್ಲ ತೀರಾ ಕಮ್ಮಿ ಇದ್ದ ಹಾಲಿನ ಮಿಶ್ರಣ ಕುಡಿದ ಮಕ್ಕಳ ಚರ್ಮವೂ ಒಣಗಿತ್ತು.

ಇನ್ನು ನನ್ನ ಕೊಬ್ಬರಿ ಎಣ್ಣೆಯ ವಿಚಾರ. ಅದರಲ್ಲಿ ಈ ಆಮ್ಲ ನೂರಕ್ಕೆ ಸುಮಾರು 2 ಪಾಲು ಅಷ್ಟೇ. ನಮ್ಮ ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿ 70ರ ಆಸುಪಾಸು! ಹಾಗಂತ ಇದನ್ನ ಓದಿದ ಕೂಡ್ಲೇ ನಾಯಿಗೆ ಎಣ್ಣೆ ಸುರಿಯಬೇಡಿ ಮಾರಾಯ್ರೆ :) ಹುಳ, ಬೂಷ್ಟು, ಥೈರಾಯ್ಡ್ ತೊಂದರೆ, ಯಾವುದರಿಂದಲೂ ಹೊಟ್ಟು ಬರಬಹುದು. ಮೊದಲು ಚರ್ಮ ಕೆರೆಸಿ ನೋಡಬೇಕು.

ಡಾಕ್ಟರ್ ಹೇಳಿದ ಪ್ರಕಾರ ಕಾಳನಿಗೆ ಮೊಟ್ಟೆ, ಬೇಯಿಸಿದ ಕೋಳಿ, ಅಳತೆ ಮಾಡಿ ಕುಸುಬೆ ಎಣ್ಣೆ ಶುರು ಮಾಡಿದೆ. ಎರಡು ತಿಂಗಳಿಗೆ ಜಗಲಿ ಸ್ವಚ್ಛವಾಯ್ತು.

ಆದ್ರೆ ಈಗ ಕಾಡ್ತಿರೋದು ಮೋತಿ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅದರ ಮೈಯೆಲ್ಲಾ ಹೀಗೇ ಹೊಟ್ಟೆದ್ದಿತ್ತು. ಕಜ್ಜಿ ನಾಯಿ, ಮನೆಯಲ್ಲಿ ಮಕ್ಕಳಿವೆ ಅಂತ ದೊಡ್ಡವರೆಲ್ಲಾ ಹೇಳಿ, ಪಕ್ಕದೂರಿನ ಸಂತೆಮಾಳದಲ್ಲಿ ಬಿಟ್ಟು ಬಂದ್ವಿ. ಗಾಡಿಯ ಹಿಂದೆ ಸುಮಾರು ದೂರ ಓಡಿ ಬಂತು. ಅದಕ್ಕೂ ಹಾಕ್ತಿದ್ದದ್ದು ಅನ್ನ, ನೀರುಮಜ್ಜಿಗೆಯೇ. ಚರ್ಮ ಕೆರೆದು ಯಾರೂ ನೋಡಿರಲಿಲ್ಲ.